ಲೆಕ್ಕದ ಪುಸ್ತಕ ಎಲ್ಲರ ಬಳಿ, ಮೂಟೆ ಬೇಕಾದವರ ಬಳಿ

ಪ್ರಶ್ನೆ: ಬಸವನಗುಡಿಯ ನಾವು ಐದಾರು ಮಂದಿ ಹಳೆಯ ಗಮಕ ಮತ್ತು ಹರಿಕಥೆಯ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತರುತ್ತಿದ್ದೇವೆ. ಕೆಲವು ಹಳೆಯ ಮಾಸಪತ್ರಿಕೆಗಳ ಪುಟಗಳನ್ನೂ ಸ್ಕ್ಯಾನ್ ಮಾಡುತ್ತಿದ್ದೇವೆ. ಒಟ್ಟು 1.4 ಟಿಬಿ ಆಗಿದೆ. ಒಬ್ಬರು ಮಲ್ಲೇಶ್ವರದಲ್ಲಿ, ಇಬ್ಬರು ಜಯನಗರದಲ್ಲಿ, ಒಬ್ಬರು ವೈಟ್‌ಫೀಲ್ಡಿನಲ್ಲಿ ಇದ್ದಾರೆ. ಮೊದಲು ವಿವರಗಳ ಪಟ್ಟಿಯನ್ನು ಮಾತ್ರ ಗಿಟ್‌ನಲ್ಲಿ (ಫೈಲುಗಳ ಪ್ರತಿಯೊಂದು ಬದಲಾವಣೆಯನ್ನೂ ದಾಖಲಿಸಿಡುವ ತಂತ್ರಾಂಶ) ಇಟ್ಟಿದ್ದೆವು. ಅದು ಚೆನ್ನಾಗಿ ನಡೆದದ್ದರಿಂದ ಧ್ವನಿಯ ಫೈಲುಗಳನ್ನೂ ಅಲ್ಲೇ ಸೇರಿಸತೊಡಗಿದೆವು. ಕಾಲು ಭಾಗ ಸೇರಿಸುವಷ್ಟರಲ್ಲಿ ರೆಪೊ, ಅಂದರೆ ಗಿಟ್‌ನ ಸಂಗ್ರಹ, 300 ಜಿಬಿ ದಾಟಿತು. ಹೊಸಬರು ಕ್ಲೋನ್ ಮಾಡಲು (ಇಡೀ ರೆಪೊವನ್ನು ತಮ್ಮ ಯಂತ್ರಕ್ಕೆ ನಕಲಿಸಿಕೊಳ್ಳಲು) ಕುಳಿತರೆ ದಿನವೆಲ್ಲ ಹಿಡಿಯುತ್ತದೆ, ರೆಪೊಗಳನ್ನು ಅಂತರ್ಜಾಲದಲ್ಲಿ ಇಟ್ಟುಕೊಡುವ ಗಿಟ್‌ಹಬ್ ಅಂತೂ ತೆಗೆದುಕೊಳ್ಳುವುದೇ ಇಲ್ಲ. ದೊಡ್ಡ ಫೈಲುಗಳಿಗೆಂದು ಗಿಟ್ ಜೊತೆ ಬಳಸುವ ಉಪಕರಣಗಳಲ್ಲಿ ಒಬ್ಬರು ಗಿಟ್ ಎಲ್‌ಎಫ್‌ಎಸ್ ಎನ್ನುತ್ತಾರೆ, ಇನ್ನೊಬ್ಬರು ಗಿಟ್ ಆನೆಕ್ಸ್ ಎನ್ನುತ್ತಾರೆ, ಮತ್ತೊಬ್ಬರು ಎಲ್ಲವನ್ನೂ ಬಿಟ್ಟು ಹಂಚಿಕೆಯ ಫೋಲ್ಡರ್‌ಗೆ ಹಾಕೋಣ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಕೆಲಸಕ್ಕೆ ಗಿಟ್ ಆನೆಕ್ಸ್ ಸರಿ. ಹಂಚಿಕೆಯ ಫೋಲ್ಡರ್ ಮಾತ್ರ ಬೇಡವೇ ಬೇಡ. ಅದಕ್ಕೆ ನನಗೊಂದು ಸ್ವಂತ ಕಾರಣವಿದೆ, ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಹಲವು ವರ್ಷಗಳ ಹಿಂದೆ ನಾವು ನಾಲ್ವರು ಗೆಳೆಯರು ತುಮಕೂರು ಕಡೆಯ ಹಳ್ಳಿಯೊಂದರಲ್ಲಿ ವಯಸ್ಸಾದ ಒಬ್ಬ ತಾಯಿ ಹಾಡುತ್ತಿದ್ದ ಸೋಬಾನೆ ಪದಗಳನ್ನು ಧ್ವನಿಮುದ್ರಿಸಿದ್ದೆವು. ಒಟ್ಟು ಅರವತ್ತೊಂದು ಪದಗಳು. ಆಗ ಎಲ್ಲರೂ ಬಳಸುತ್ತಿದ್ದ ಒಂದು ಹಂಚಿಕೆ ಸೇವೆಯ ಫೋಲ್ಡರ್‌ನಲ್ಲಿ ಅವನ್ನು ಇಟ್ಟೆವು. ನಾಲ್ಕು ಕಂಪ್ಯೂಟರ್‌ಗಳಲ್ಲೂ ಒಂದೊಂದು ಪ್ರತಿ ಇದೆಯಲ್ಲ ಎಂದು ನಿಶ್ಚಿಂತರಾಗಿದ್ದೆವು. ಒಬ್ಬ ಗೆಳೆಯ ಲ್ಯಾಪ್‌ಟಾಪಿನಲ್ಲಿ ಜಾಗ ಸಾಲದೆಂದು ಒಂದು ರಾತ್ರಿ ತನ್ನ ಪ್ರತಿಯನ್ನು ಅಳಿಸಿದ. ಬೆಳಗಾಗುವಷ್ಟರಲ್ಲಿ ನಾಲ್ಕೂ ಕಡೆ ಅಳಿಸಿಹೋಗಿತ್ತು. ನಮಗೆ ಅದು ಗೊತ್ತಾದದ್ದು ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಕಸದ ಬುಟ್ಟಿಯೂ ಬರಿದಾಗಿತ್ತು. ಒಂದು ಪೆನ್‌ಡ್ರೈವ್‌ನಿಂದ ಹತ್ತೊಂಬತ್ತು ಪದಗಳು ಸಿಕ್ಕವು. ಉಳಿದ ನಲವತ್ತೆರಡನ್ನು ಮತ್ತೆ ಹಾಡಿಸೋಣವೆಂದು ಹೋದರೆ ಆ ತಾಯಿ ತೀರಿಕೊಂಡಿದ್ದರು.

ತಪ್ಪು ಗೆಳೆಯನದಲ್ಲ. ನಾಲ್ಕು ಕಡೆ ಒಂದೇ ಥರ ಕಾಣುವುದನ್ನು ನಾವು ನಾಲ್ಕು ಪ್ರತಿ ಎಂದು ನಂಬಿದ್ದೆವು. ಒಂದನ್ನು ಅಳಿಸಿದರೆ ಉಳಿದವೂ ಅಳಿಯುವುದಾದರೆ ಅಲ್ಲಿ ಇದ್ದದ್ದು ಒಂದೇ ಪ್ರತಿ.

ಇನ್ನು ಗಿಟ್ ಏಕೆ ಉಬ್ಬಿತು ಎಂಬುದಕ್ಕೆ ಬರೋಣ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್‌ನ (ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ) ಮೂಲ ಸಂಕೇತವನ್ನು ಕಾಪಾಡಲು, ಅಂದರೆ ಸಣ್ಣ ಸಣ್ಣ ಪಠ್ಯದ ಫೈಲುಗಳಿಗಾಗಿ. ಫೈಲಿನ ಪ್ರತಿಯೊಂದು ಆವೃತ್ತಿಯನ್ನೂ ಅದು ಇಡಿಯಾಗಿ ಇಟ್ಟುಕೊಳ್ಳುತ್ತದೆ. ಆಮೇಲೆ ಒಂದಕ್ಕೊಂದು ಹೋಲುವ ಆವೃತ್ತಿಗಳ ನಡುವಿನ ವ್ಯತ್ಯಾಸವನ್ನಷ್ಟೇ ಉಳಿಸಿ ಒತ್ತಿ ಕಟ್ಟುತ್ತದೆ. ಪಠ್ಯದಲ್ಲಿ ಒಂದು ಸಾಲು ಬದಲಾದರೆ ವ್ಯತ್ಯಾಸವೂ ಒಂದೇ ಸಾಲು. ಆದರೆ ನೀವು ಕ್ಯಾಸೆಟ್ಟಿನ ಧ್ವನಿಯ ಮಟ್ಟವನ್ನು ಸ್ವಲ್ಪ ಏರಿಸಿ ಉಳಿಸಿದಿರಿ ಎನ್ನಿ, ಫೈಲಿನ ಒಂದೊಂದು ಅಂಕಿಯೂ ಬದಲಾಗುತ್ತದೆ. ಹೋಲಿಕೆಯೇ ಇಲ್ಲದ ಮೇಲೆ ಗಿಟ್ ಏನನ್ನು ಉಳಿಸೀತು? ಮೇಲಾಗಿ 512 ಎಂಬಿಗಿಂತ ದೊಡ್ಡ ಫೈಲಾದರೆ ವ್ಯತ್ಯಾಸ ಹುಡುಕುವ ಗೋಜಿಗೇ ಅದು ಹೋಗುವುದಿಲ್ಲ.

ನಿಮ್ಮ ಫೈಲುಗಳ ಗಾತ್ರವನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. 96 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೊ ಎಂದರೆ ಸೆಕೆಂಡಿಗೆ 5,76,000 ಬೈಟ್. ಒಂದು ಗಂಟೆಯ ಕ್ಯಾಸೆಟ್ಟಿಗೆ 2 ಜಿಬಿಗಿಂತ ತುಸು ಹೆಚ್ಚು. ಎ4 ಅಳತೆಯ ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಗಾತ್ರ ಕುಗ್ಗಿಸದ ಟಿಫ್ ಚಿತ್ರವಾಗಿ ಇಟ್ಟರೆ ಪುಟವೊಂದಕ್ಕೇ ಸುಮಾರು 104 ಎಂಬಿ. ಗಿಟ್‌ಹಬ್‌ನ ಮಿತಿ ಫೈಲಿಗೆ 100 ಮೆಬಿಬೈಟ್, ಅಂದರೆ ಸುಮಾರು 105 ಎಂಬಿ. ಹೀಗಾಗಿ ನಿಮ್ಮ ಒಂದು ಗಂಟೆಯ ಕ್ಯಾಸೆಟ್ ಅಲ್ಲಿ ಹಿಡಿಸುವುದೇ ಇಲ್ಲ, ಒಂದೇ ಒಂದು ಪುಟವೂ ಮಿತಿಯ ಅಂಚಿಗೆ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ, ಕ್ಲೋನ್ ಮಾಡಿದವರ ಮನೆಗೆ ಈವರೆಗಿನ ಎಲ್ಲ ಆವೃತ್ತಿಗಳೂ, ನೀವು ಎಂದೋ ಅಳಿಸಿದ ಫೈಲುಗಳೂ ಬಂದು ಕೂರುತ್ತವೆ. ಇತಿಹಾಸವನ್ನು ಬಿಡದಿರುವುದು ಗಿಟ್‌ನ ಗುಣ. ದೊಡ್ಡ ಫೈಲಿನ ವಿಷಯದಲ್ಲಿ ಅದೇ ಗುಣ ಹೊರೆಯಾಗುತ್ತದೆ.

ಯಶವಂತಪುರದ ಮಂಡಿಗೆ ಬೆಳಗ್ಗೆ ಹೋಗಿ ನೋಡಿದ್ದೀರಲ್ಲ. ಗುಮಾಸ್ತರ ಮೇಜಿನ ಮೇಲೆ ಇರುವುದು ಲೆಕ್ಕದ ಪುಸ್ತಕ. ಯಾವ ಗೋದಾಮಿನಲ್ಲಿ ಎಷ್ಟು ಮೂಟೆ ಇದೆ, ಯಾವುದು ಎಲ್ಲಿಗೆ ಹೋಯಿತು ಎಂಬುದು ಅದರಲ್ಲಿದೆ. ಮೂಟೆಗಳನ್ನು ಯಾರೂ ಪುಸ್ತಕದೊಳಗೆ ತುಂಬುವುದಿಲ್ಲ. ದೊಡ್ಡ ಫೈಲುಗಳಿಗಾಗಿ ಬಂದಿರುವ ಎಲ್ಲ ಉಪಕರಣಗಳೂ ಮಾಡುವುದು ಇಷ್ಟೇ: ಗಿಟ್‌ನಲ್ಲಿ ಲೆಕ್ಕ, ಬೇರೆಡೆ ಮೂಟೆ. ಮೂಟೆಗೆ ಗುರುತು ಎಂದರೆ ಫೈಲಿನ ಒಳಗಿನದರಿಂದಲೇ ಲೆಕ್ಕ ಹಾಕಿದ ಒಂದು ಉದ್ದನೆಯ ಸಂಖ್ಯೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಗೋದಾಮು ಎಲ್ಲಿ ಮತ್ತು ಎಷ್ಟು ಎಂಬಲ್ಲಿ ಮಾತ್ರ ಈ ಉಪಕರಣಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಗಿಟ್‌ಹಬ್ 2015ರಲ್ಲಿ ಪ್ರಕಟಿಸಿದ ಎಲ್‌ಎಫ್‌ಎಸ್ ಒಂದು ಸರ್ವರ್ ಅನ್ನು ಗೋದಾಮು ಎಂದು ಭಾವಿಸುತ್ತದೆ. ಗಿಟ್‌ನಲ್ಲಿ ಉಳಿಯುವುದು ಮೂರು ಸಾಲಿನ ಪುಟ್ಟ ಚೀಟಿ: ಆವೃತ್ತಿ, ಗುರುತಿನ ಸಂಖ್ಯೆ, ಗಾತ್ರ. ಫೈಲು ಬೇಕಾದಾಗ ಸರ್ವರ್‌ನಿಂದ ಇಳಿಯುತ್ತದೆ. ಕಲಿಯುವುದು ಸುಲಭ. ಒಬ್ಬರು ತಿದ್ದುವಾಗ ಇನ್ನೊಬ್ಬರು ಮುಟ್ಟದಂತೆ ಬೀಗ ಹಾಕುವ ಅನುಕೂಲವೂ ಇದೆ. ಒಂದೇ ಕಚೇರಿಯಲ್ಲಿ ಆಟದ ತಂತ್ರಾಂಶವನ್ನೋ ಅನಿಮೇಶನ್ನನ್ನೋ ಮಾಡುವವರು ನನ್ನನ್ನು ಕೇಳಿದ್ದರೆ ಅದನ್ನೇ ಹೇಳುತ್ತಿದ್ದೆ. ಆದರೆ ನಿಮಗೆ 1.4 ಟಿಬಿ ಹಿಡಿಸುವ ಸರ್ವರ್‌ಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕು, ಇಳಿಸಿಕೊಂಡಾಗಲೆಲ್ಲ ಅದಕ್ಕೂ ತೆರಬೇಕು. ಇನ್ನೊಂದು ತೊಡಕು ಹಲವರಿಗೆ ತಿಳಿದಿರುವುದಿಲ್ಲ. ಎಲ್‌ಎಫ್‌ಎಸ್ ಸಾಮಾನ್ಯವಾಗಿ ನಿಮ್ಮ ಯಂತ್ರದಲ್ಲೇ ಫೈಲನ್ನು ಎರಡು ಸಲ ಇಡುತ್ತದೆ, ತನ್ನ ಒಳಗೋಣೆಯಲ್ಲಿ ಒಂದು, ನಿಮ್ಮ ಕಣ್ಣಿಗೆ ಕಾಣುವಂತೆ ಒಂದು. 1.4 ಟಿಬಿಗೆ 2.8 ಟಿಬಿ ಜಾಗ ಬೇಕಾಗುತ್ತದೆ.

ಜೋಯಿ ಹೆಸ್ ಎಂಬುವರು 2010ರಲ್ಲಿ ಆರಂಭಿಸಿದ ಗಿಟ್ ಆನೆಕ್ಸ್‌ಗೆ ಗೋದಾಮು ಒಂದೇ ಎಂಬ ಕಟ್ಟುಪಾಡಿಲ್ಲ. ಮಲ್ಲೇಶ್ವರದ ಕಂಪ್ಯೂಟರ್ ಒಂದು ಗೋದಾಮು, ಕಪಾಟಿನಲ್ಲಿ ಇಟ್ಟ ಹಾರ್ಡ್‌ಡಿಸ್ಕ್ ಒಂದು, ಕ್ಲೌಡ್ ಒಂದು. ಪ್ರತಿಯೊಂದಕ್ಕೂ ಒಂದು ಗುರುತು. ಯಾವ ಫೈಲು ಎಲ್ಲೆಲ್ಲಿ ಇದೆ ಎಂಬ ಲೆಕ್ಕ ಗಿಟ್‌ನಲ್ಲೇ ಒಂದು ಪ್ರತ್ಯೇಕ ಶಾಖೆಯಾಗಿ ಎಲ್ಲರ ಬಳಿಯೂ ಇರುತ್ತದೆ, ಮತ್ತು ಇಬ್ಬರ ಲೆಕ್ಕಗಳು ತಿಕ್ಕಾಟವಿಲ್ಲದೆ ತಾವಾಗಿ ಕೂಡಿಕೊಳ್ಳುತ್ತವೆ. ವೈಟ್‌ಫೀಲ್ಡಿನವರ ಲ್ಯಾಪ್‌ಟಾಪಿನಲ್ಲಿ ಒಂದೇ ಒಂದು ಧ್ವನಿ ಫೈಲು ಇಲ್ಲದಿದ್ದರೂ ಇಡೀ ಸಂಗ್ರಹದ ಪಟ್ಟಿ ಕಾಣುತ್ತದೆ. ‘ಗಿಟ್ ಆನೆಕ್ಸ್ ವೇರ್‌ಈಸ್’ ಎಂದು ಕೇಳಿದರೆ ಆ ಕ್ಯಾಸೆಟ್ ಮಲ್ಲೇಶ್ವರದಲ್ಲೂ ಕಪಾಟಿನ ಡಿಸ್ಕಿನಲ್ಲೂ ಇದೆ ಎಂದು ಹೇಳುತ್ತದೆ. ‘ಗೆಟ್’ ಎಂದರೆ ತರುತ್ತದೆ, ‘ಡ್ರಾಪ್’ ಎಂದರೆ ಈ ಯಂತ್ರದಿಂದ ಮಾತ್ರ ತೆಗೆಯುತ್ತದೆ. (ಆಜ್ಞೆಗಳನ್ನು ಉಚ್ಚಾರದಂತೆ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

ಈ ‘ಡ್ರಾಪ್’ ಎಂಬ ಆಜ್ಞೆಗಾಗಿಯೇ ನಾನು ಆನೆಕ್ಸ್ ಅನ್ನು ಇಷ್ಟು ಒತ್ತಿ ಹೇಳುತ್ತಿರುವುದು. ತೆಗೆಯುವ ಮೊದಲು ಅದು ಪುಸ್ತಕವನ್ನಷ್ಟೇ ನಂಬುವುದಿಲ್ಲ. ಉಳಿದ ಗೋದಾಮುಗಳನ್ನು ಸಂಪರ್ಕಿಸಿ ಫೈಲು ಅಲ್ಲಿ ಆ ಕ್ಷಣಕ್ಕೆ ನಿಜವಾಗಿ ಇದೆಯೇ ಎಂದು ಕೇಳುತ್ತದೆ. ನೀವು ಗೊತ್ತುಪಡಿಸಿದಷ್ಟು ಪ್ರತಿಗಳು ಖಾತ್ರಿಯಾಗದಿದ್ದರೆ ತೆಗೆಯಲು ಒಪ್ಪುವುದಿಲ್ಲ. ನನ್ನ ಗೆಳೆಯನ ಲ್ಯಾಪ್‌ಟಾಪಿನಲ್ಲಿ ಆ ರಾತ್ರಿ ಇದು ಇದ್ದಿದ್ದರೆ, ಆ ನಲವತ್ತೆರಡು ಪದಗಳು ಇಂದು ಇರುತ್ತಿದ್ದವು.

ಆದರೆ ಗಮನವಿರಲಿ, ಗೊತ್ತುಪಡಿಸದೆ ಬಿಟ್ಟರೆ ಆ ಸಂಖ್ಯೆ ಒಂದು. ಬೇರೆಲ್ಲೋ ಒಂದು ಪ್ರತಿ ಇದ್ದರೆ ಸಾಕೆಂದು ಅದು ತಿಳಿಯುತ್ತದೆ. ಆದ್ದರಿಂದ ಮೊದಲ ದಿನವೇ ‘ಗಿಟ್ ಆನೆಕ್ಸ್ ನಮ್‌ಕಾಪೀಸ್ 3’ ಎಂದು ಕೊಡಿ. ಅದು ಲೆಕ್ಕದ ಶಾಖೆಯಲ್ಲಿ ದಾಖಲಾಗುವುದರಿಂದ ಎಲ್ಲರ ಪ್ರತಿಗೂ ಅನ್ವಯಿಸುತ್ತದೆ. ಕಪಾಟಿನಲ್ಲಿರುವ ಡಿಸ್ಕನ್ನು ಪರೀಕ್ಷಿಸಲಾಗುವುದಿಲ್ಲ, ಅದಕ್ಕೇ ‘ಡ್ರಾಪ್’ ನಿರಾಕರಿಸುತ್ತಿದೆ ಎಂದು ಬೇಸರಗೊಂಡು ಕೆಲವರು ಆ ಡಿಸ್ಕಿಗೆ ‘ಟ್ರಸ್ಟ್’ ಎಂಬ ಗುರುತು ಹಾಕುತ್ತಾರೆ. ಹಾಗೆಂದರೆ ‘ನೋಡದೆಯೇ ನಂಬು’ ಎಂದಂತೆ. ದಯವಿಟ್ಟು ಹಾಕಬೇಡಿ. ಡಿಸ್ಕನ್ನು ತಂದು ಸಿಕ್ಕಿಸಿ, ಆಮೇಲೆ ತೆಗೆಯಿರಿ.

ನಿಮ್ಮ ಗುಂಪಿಗೆ ನಾನು ಹೀಗೆ ಜೋಡಿಸುತ್ತೇನೆ. ಬಸವನಗುಡಿಯ ಕಂಪ್ಯೂಟರಿನಲ್ಲಿ ಎಲ್ಲವೂ ಇರಲಿ. 4 ಟಿಬಿಯ ಎರಡು ಹಾರ್ಡ್‌ಡಿಸ್ಕ್ ತನ್ನಿ, ಎಸ್.ಪಿ. ರಸ್ತೆಯಲ್ಲಿ ಕೊಳ್ಳುವುದಾದರೆ ಬಿಲ್ಲು ಮತ್ತು ವಾರಂಟಿ ನೋಡಿ ಕೊಳ್ಳಿ. ಒಂದು ಮಲ್ಲೇಶ್ವರದಲ್ಲಿ, ಇನ್ನೊಂದು ಜಯನಗರದಲ್ಲಿ ಇರಲಿ. ಒಂದೇ ಮನೆಯಲ್ಲಿ ಎರಡನ್ನೂ ಇಟ್ಟರೆ ಕಳ್ಳನಿಗಾಗಲಿ ಮಳೆನೀರಿಗಾಗಲಿ ಎರಡೂ ಒಟ್ಟಿಗೆ ಸಿಗುತ್ತವೆ. ವೈಟ್‌ಫೀಲ್ಡಿನವರು ಪದಗಳನ್ನು ಕೇಳಿ ವಿವರ ಬರೆಯುವವರಾದರೆ ಅವರಿಗೆ ಮೂಲ ಧ್ವನಿ ಬೇಕಿಲ್ಲ, ಎಂಪಿ3 ಪ್ರತಿಗಳು ಸಾಕು. ‘ವಾಂಟೆಡ್’ ಎಂಬ ಆಜ್ಞೆಯಿಂದ ಅವರ ಯಂತ್ರಕ್ಕೆ ಎಂಪಿ3 ಫೋಲ್ಡರ್ ಮಾತ್ರ ಬೇಕೆಂದು ಬರೆದಿಟ್ಟರೆ, ಮುಂದೆ ಸಿಂಕ್ ಮಾಡಿದಾಗಲೆಲ್ಲ (ಉಳಿದವರೊಡನೆ ಹೊಂದಿಸಿಕೊಂಡಾಗಲೆಲ್ಲ) ಅಷ್ಟೇ ಇಳಿಯುತ್ತದೆ. ಲೆಕ್ಕದ ಪುಸ್ತಕವನ್ನು ಗಿಟ್‌ಹಬ್‌ನಲ್ಲೇ ಇಡಬಹುದು. ಮೂಟೆಗಳಿಲ್ಲದ ಮೇಲೆ ಅದು ಅಲ್ಲಿ ಹಗುರವಾಗಿ ಕೂರುತ್ತದೆ.

ಇನ್ನು ಮೊದಲ ಸಲದ ಸಾಗಣೆ. ನಿಮ್ಮ ಮನೆಯ ಸಂಪರ್ಕ ಸೆಕೆಂಡಿಗೆ 40 ಮೆಗಾಬಿಟ್ ಏರಿಸಬಲ್ಲದು ಎಂದುಕೊಂಡರೂ 1.4 ಟಿಬಿಗೆ ಎಡೆಬಿಡದೆ ಮೂರು ದಿನಕ್ಕೂ ಹೆಚ್ಚು ಬೇಕು. ಅದೇ ಡಿಸ್ಕಿಗೆ ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲಿಸಿದರೆ ನಾಲ್ಕು ಗಂಟೆಯೊಳಗೆ ಮುಗಿಯುತ್ತದೆ. ಬಳಿಕ ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಸಂಪಿಗೆ ರಸ್ತೆ. ಇಷ್ಟು ದತ್ತಾಂಶವನ್ನು ಇಷ್ಟು ಬೇಗ ಮಲ್ಲೇಶ್ವರಕ್ಕೆ ಮುಟ್ಟಿಸುವ ಸಂಪರ್ಕ ನಿಮ್ಮ ಬಳಿ ಬೇರೆ ಇಲ್ಲ. ಆನೆಕ್ಸ್‌ಗೆ ಡಿಸ್ಕೂ ಒಂದೇ, ಅಂತರ್ಜಾಲವೂ ಒಂದೇ. ಎರಡೂ ದಾರಿಯಲ್ಲಿ ಬಂದದ್ದನ್ನು ಒಂದೇ ಪುಸ್ತಕದಲ್ಲಿ ಬರೆದುಕೊಳ್ಳುತ್ತದೆ. ಆಮೇಲೆ ವಾರಕ್ಕೆ ಐದಾರು ಕ್ಯಾಸೆಟ್ ಸೇರುವುದನ್ನು ಅಂತರ್ಜಾಲದಲ್ಲೇ ಕಳುಹಿಸಿ. ನಡುವೆ ಕರೆಂಟು ಹೋದರೆ ಮರುದಿನ ಅದೇ ಆಜ್ಞೆ ಕೊಟ್ಟರಾಯಿತು, ಬಾಕಿ ಉಳಿದ ಫೈಲುಗಳಷ್ಟೇ ಹೋಗುತ್ತವೆ.

ಡಿಸ್ಕಿನ ವಿಷಯದಲ್ಲಿ ಒಂದು ಎಚ್ಚರಿಕೆ. ಅಂಗಡಿಯಿಂದ ಬಂದ ಹಾರ್ಡ್‌ಡಿಸ್ಕ್ ಹೆಚ್ಚಾಗಿ ಎಕ್ಸ್‌ಫ್ಯಾಟ್ ವಿನ್ಯಾಸದಲ್ಲಿರುತ್ತದೆ. ಆನೆಕ್ಸ್ ಸಾಮಾನ್ಯವಾಗಿ ಫೈಲಿನ ಜಾಗದಲ್ಲಿ ಒಂದು ಕೊಂಡಿಯನ್ನಿಟ್ಟು ನಿಜವಾದ ಫೈಲನ್ನು ಯಾರೂ ತಿದ್ದದಂತೆ ಒಳಗೆ ಭದ್ರವಾಗಿಡುತ್ತದೆ. ಎಕ್ಸ್‌ಫ್ಯಾಟ್‌ಗೆ ಈ ಕೊಂಡಿಗಳು ಬರುವುದಿಲ್ಲ. ಅಲ್ಲಿ ರೆಪೊ ಮಾಡಿದರೆ ಎಲ್‌ಎಫ್‌ಎಸ್‌ನಂತೆಯೇ ಎರಡು ಪಟ್ಟು ಜಾಗ ಹಿಡಿಯಬಹುದು. ನೀವು ಲಿನಕ್ಸ್ ಬಳಸುವವರಾದರೆ ಡಿಸ್ಕನ್ನು ಇಎಕ್ಸ್‌ಟಿ4 ಎಂಬ ಲಿನಕ್ಸ್ ವಿನ್ಯಾಸಕ್ಕೆ ಬದಲಿಸಿ. ವಿಂಡೋಸ್ ಬಳಸುವವರೂ ಇದ್ದರೆ ಡಿಸ್ಕನ್ನು ರೆಪೊ ಮಾಡದೆ ‘ಡೈರೆಕ್ಟರಿ’ ಬಗೆಯ ವಿಶೇಷ ರಿಮೋಟ್ ಆಗಿ ಸೇರಿಸಿ. ಆಗ ಅದರಲ್ಲಿ ಮೂಟೆಗಳು ಮಾತ್ರ ಇರುತ್ತವೆ, ಪುಸ್ತಕ ಇರುವುದಿಲ್ಲ.

ಕ್ಲೌಡ್ ಕೂಡ ಬೇಕೆಂದರೆ ಅಮೆಜಾನ್ ಎಸ್3 ಮುಂತಾದವನ್ನು ಇದೇ ರೀತಿ ವಿಶೇಷ ರಿಮೋಟ್ ಆಗಿ ಸೇರಿಸಿ ಗೂಢಲಿಪಿಯಲ್ಲಿ ಇಡಬಹುದು. ‘ಶೇರ್ಡ್’ ಎಂಬ ವಿಧಾನದಲ್ಲಿ ಕೀಲಿ ಗಿಟ್ ರೆಪೊದೊಳಗೇ ಇರುತ್ತದೆ. ರೆಪೊ ಸಿಕ್ಕವರೆಲ್ಲರೂ ತೆರೆಯಬಲ್ಲರು, ಹಾಗಾಗಿ ಪುಸ್ತಕ ಸಾರ್ವಜನಿಕವಾಗಿದ್ದರೆ ಇದು ಸಲ್ಲದು. ‘ಹೈಬ್ರಿಡ್’ ವಿಧಾನದಲ್ಲಿ ನಿಮ್ಮ ಜಿಪಿಜಿ (ಗೂಢಲಿಪಿಯ ತಂತ್ರಾಂಶ) ಕೀಲಿ ಬೇಕು. ಅದು ಕಳೆದರೆ ಕ್ಲೌಡಿನ ಪ್ರತಿ ಯಾರಿಗೂ ಓದಲಾಗುವುದಿಲ್ಲ. ಹಾಗಾಗಿ ಕೀಲಿ ಇಬ್ಬರ ಬಳಿಯಾದರೂ ಇರಲಿ.

ಕನ್ನಡದ ಹೆಸರುಗಳ ವಿಚಾರವನ್ನು ನೀವು ಕೇಳಿಲ್ಲ, ಆದರೆ ಖಂಡಿತ ಎಡವುತ್ತೀರಿ, ಅದಕ್ಕೆ ಹೇಳುತ್ತೇನೆ. ಗಿಟ್ ತನ್ನ ಪಾಡಿಗೆ ಬಿಟ್ಟರೆ ಕನ್ನಡ ಹೆಸರಿನ ಫೈಲುಗಳನ್ನು ಓರೆಗೆರೆಯ ಜೊತೆ 340, 262 ಎಂಬಂಥ ಅಂಕಿಗಳ ಸಾಲಾಗಿ ತೋರಿಸುತ್ತದೆ. ಫೈಲು ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ‘ಕೋರ್ ಕೋಟ್‌ಪಾತ್’ ಎಂಬ ಸೆಟ್ಟಿಂಗನ್ನು ‘ಫಾಲ್ಸ್’ ಮಾಡಿದರೆ ಕನ್ನಡವಾಗಿಯೇ ಕಾಣುತ್ತದೆ. ಎರಡನೆಯದು ಉದ್ದ. ಲಿನಕ್ಸ್‌ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ, ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಯಂತ್ರಕ್ಕೆ ಆರು ಚಿಹ್ನೆ, 18 ಬೈಟ್. ವಾಚನಕಾರರ ಹೆಸರು, ವ್ಯಾಖ್ಯಾನಕಾರರ ಹೆಸರು, ಸ್ಥಳ, ತಾರೀಖು ಎಲ್ಲವನ್ನೂ ಫೈಲಿನ ಹೆಸರಿಗೇ ತುಂಬಿದರೆ ಮಿತಿ ಬೇಗ ಬಂದುಬಿಡುತ್ತದೆ.

ಮೂರನೆಯದು ಇನ್ನೂ ಸೂಕ್ಷ್ಮ. ‘ಕೋ’ ಎಂಬಲ್ಲಿನ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಈಕಾರ, ಏಕಾರ, ಐಕಾರಗಳಿಗೂ ಹೀಗೆಯೇ. ಮ್ಯಾಕ್‌ನ ಹಳೆಯ ಫೈಲು ವ್ಯವಸ್ಥೆ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು, ಲಿನಕ್ಸ್ ಕೊಟ್ಟದ್ದನ್ನು ಹಾಗೆಯೇ ಇಡುತ್ತದೆ. ಒಂದೇ ಹೆಸರಿನ ಎರಡು ಫೈಲುಗಳು ಪಕ್ಕಪಕ್ಕದಲ್ಲಿ ಕಂಡು ಏನೂ ತೋಚದೆ ನಾನು ಒಂದು ಇಡೀ ಸಂಜೆ ಕುಳಿತದ್ದುಂಟು. ‘ಕ್ಯಾಸೆಟ್‌ಗಳು’ ಎಂಬಲ್ಲಿ ಅರ್ಧಾಕ್ಷರ ಒತ್ತಾಗದಿರಲೆಂದು ನಾವು ಹಾಕುವ ಕಣ್ಣಿಗೆ ಕಾಣದ ಚಿಹ್ನೆಯದೂ ಇದೇ ಕಥೆ. ಆದ್ದರಿಂದ ಫೈಲಿನ ಹೆಸರು ‘ಗಮಕ-0042-ಅ’ ಎಂಬಷ್ಟು ಚಿಕ್ಕದಿರಲಿ. ಉಳಿದ ವಿವರವೆಲ್ಲ ಪಠ್ಯದ ಪಟ್ಟಿಯಲ್ಲಿ, ಎಷ್ಟು ಬೇಕೋ ಅಷ್ಟು ವಿಸ್ತಾರವಾಗಿ ಇರಲಿ. ಆ ಪಟ್ಟಿಯನ್ನು ಆನೆಕ್ಸ್‌ಗೆ ಸೇರಿಸದೆ ಗಿಟ್‌ನಲ್ಲೇ ಉಳಿಸಿ. ‘ಲಾರ್ಜ್‌ಫೈಲ್ಸ್’ ಸೆಟ್ಟಿಂಗಿನಲ್ಲಿ ವೇವ್, ಟಿಫ್, ಎಂಪಿ3 ಇವು ಮಾತ್ರ ಆನೆಕ್ಸ್‌ಗೆ ಎಂದು ಬರೆದರೆ ಉಳಿದದ್ದು ತಾನಾಗಿ ಗಿಟ್‌ಗೆ ಹೋಗುತ್ತದೆ. ಯಾರು ಯಾವಾಗ ಯಾವ ಹೆಸರನ್ನು ತಿದ್ದಿದರು ಎಂಬ ಸಾಲು ಸಾಲಿನ ಇತಿಹಾಸ ನಿಮಗೆ ಉಳಿಯುತ್ತದೆ.

ಮೂಲ ಧ್ವನಿಯನ್ನು ಯಾರೂ ತಿದ್ದಬಾರದು ಎಂಬ ಒಪ್ಪಂದ ನಿಮ್ಮೊಳಗೆ ಇರಲಿ. ಗೊರಗೊರ ಶಬ್ದ ತೆಗೆದ ಪ್ರತಿ ಬೇರೆ ಹೆಸರಿನ ಬೇರೆ ಫೈಲು. ಇಬ್ಬರು ಒಂದೇ ಫೈಲನ್ನು ಬೇರೆ ಬೇರೆಯಾಗಿ ತಿದ್ದಿದರೆ ಆನೆಕ್ಸ್ ಯಾವುದನ್ನೂ ಕೆಡಿಸದೆ ಎರಡನ್ನೂ ‘ವೇರಿಯಂಟ್’ ಎಂಬ ಬಾಲ ಸೇರಿಸಿ ಇಟ್ಟುಕೊಳ್ಳುತ್ತದೆ, ಆದರೆ ಕೇಳಿ ನೋಡಿ ಆರಿಸುವ ಕೆಲಸ ನಿಮ್ಮದೇ.

ಈಗಾಗಲೇ ಉಬ್ಬಿರುವ ರೆಪೊ ಏನು ಮಾಡುವುದು? ಮೊದಲು ಅದರ ಪೂರ್ತಿ ನಕಲನ್ನು ಒಂದು ಡಿಸ್ಕಿಗೆ ಹಾಕಿ ಎತ್ತಿಡಿ. ಧ್ವನಿ ಮತ್ತು ಪುಟಗಳನ್ನು ರೆಪೊದಿಂದ ಹೊರಗಿನ ಒಂದು ಫೋಲ್ಡರಿಗೆ ನಕಲಿಸಿ. ನಂತರ ‘ಗಿಟ್ ಫಿಲ್ಟರ್-ರೆಪೊ’ ಉಪಕರಣದಿಂದ 10 ಎಂಬಿಗಿಂತ ದೊಡ್ಡವನ್ನು ಇಡೀ ಇತಿಹಾಸದಿಂದ ತೆಗೆಯಿರಿ. ನಿಮ್ಮ ಪಟ್ಟಿಗಳ ಇತಿಹಾಸ ಮಾತ್ರ ಉಳಿದು ರೆಪೊ ಕೆಲವೇ ಎಂಬಿಗೆ ಇಳಿಯುತ್ತದೆ. ಅದರಲ್ಲಿ ‘ಗಿಟ್ ಆನೆಕ್ಸ್ ಇನಿಟ್’ ಮಾಡಿ, ಹೊರಗಿಟ್ಟ ಫೈಲುಗಳನ್ನು ಆನೆಕ್ಸ್ ಮೂಲಕ ಸೇರಿಸಿ. ಅಂದಿನಿಂದ ಎಲ್ಲರೂ ಹಳೆಯ ಕ್ಲೋನ್ ಬಿಟ್ಟು ಹೊಸದಾಗಿ ಕ್ಲೋನ್ ಮಾಡಬೇಕು. ಯಾರಾದರೂ ಒಬ್ಬರು ಹಳೆಯದನ್ನು ಹೊಸದರೊಡನೆ ಕೂಡಿಸಿ ಪುಶ್ ಮಾಡಿದರೆ (ಎಲ್ಲರ ರೆಪೊಗೆ ಕಳುಹಿಸಿದರೆ) 300 ಜಿಬಿಯೂ ವಾಪಸು ಬರುತ್ತದೆ. ಆದ್ದರಿಂದ ಇದನ್ನು ಫೋನಿನಲ್ಲಿ ಹೇಳಿ ಬಿಡಬೇಡಿ. ಒಂದು ಭಾನುವಾರ ಐದಾರು ಮಂದಿಯೂ ಲ್ಯಾಪ್‌ಟಾಪ್ ತಂದು ಒಂದೇ ಕೋಣೆಯಲ್ಲಿ ಕುಳಿತು ಮುಗಿಸಿ.

ಆಮೇಲೆ ಉಳಿಯುವುದು ದಿನಚರಿ. ಕೆಲಸ ಮುಗಿಸಿದಾಗ ‘ಗಿಟ್ ಆನೆಕ್ಸ್ ಅಸಿಸ್ಟ್’ ಎಂದರೆ ಸಾಕು. ಹೊಸ ಫೈಲುಗಳನ್ನು ಸೇರಿಸಿ, ಲೆಕ್ಕ ಹೊಂದಿಸಿ, ಮೂಟೆಗಳನ್ನು ಸಾಗಿಸುತ್ತದೆ. ಇದು ಹೊಸ ಆವೃತ್ತಿಗಳಲ್ಲಿ ಮಾತ್ರ ಇದೆ. ನಿಮ್ಮದು ಹಳೆಯದಾದರೆ ‘ಸಿಂಕ್’ ಜೊತೆಗೆ ‘ಕಾಂಟೆಂಟ್’ ಆಯ್ಕೆಯನ್ನು ಮರೆಯದೆ ಕೊಡಿ. ಅದಿಲ್ಲದಿದ್ದರೆ ಪುಸ್ತಕ ಮಾತ್ರ ಹೋಗಿ ಮೂಟೆ ಇಲ್ಲೇ ಉಳಿಯುತ್ತದೆ, ನೀವು ಎಲ್ಲವೂ ತಲುಪಿತೆಂದು ತಿಳಿದಿರುತ್ತೀರಿ.

ಮೂರು ತಿಂಗಳಿಗೊಮ್ಮೆ ಎರಡೂ ಡಿಸ್ಕುಗಳನ್ನು ಸಿಕ್ಕಿಸಿ ‘ಗಿಟ್ ಆನೆಕ್ಸ್ ಎಫ್‌ಎಸ್‌ಸಿಕೆ’ ಓಡಿಸಿ. ಪ್ರತಿ ಫೈಲನ್ನೂ ಆದಿಯಿಂದ ಓದಿ ಗುರುತಿನ ಸಂಖ್ಯೆ ತಾಳೆಯಾಗುತ್ತದೆಯೇ ಎಂದು ನೋಡುತ್ತದೆ. 1.4 ಟಿಬಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಬಹುದು. ಕೆಟ್ಟ ಫೈಲು ಸಿಕ್ಕರೆ ಅದನ್ನು ಪಕ್ಕಕ್ಕೆ ಸರಿಸಿ, ಈ ಡಿಸ್ಕಿನಲ್ಲಿ ಇದು ಇಲ್ಲ ಎಂದು ಪುಸ್ತಕದಲ್ಲಿ ಬರೆಯುತ್ತದೆ. ಬೆಳಗ್ಗೆ ಎದ್ದು ಬೇರೆ ಡಿಸ್ಕಿನಿಂದ ‘ಗೆಟ್’ ಮಾಡಿದರೆ ಒಳ್ಳೆಯ ಪ್ರತಿ ಬಂದು ಕೂರುತ್ತದೆ. ಡಿಸ್ಕೇ ಸತ್ತರೆ ಅದಕ್ಕೆ ‘ಡೆಡ್’ ಎಂದು ಗುರುತು ಹಾಕಿ, ಅಂದೇ ಹೊಸ ಡಿಸ್ಕ್ ತಂದು ಮೂರನೆಯ ಪ್ರತಿಯನ್ನು ತುಂಬಿಸಿ. ಕ್ಯಾಸೆಟ್‌ಗಳನ್ನಂತೂ ಎಸೆಯಬೇಡಿ. ಬಿಸಿಲು ಬೀಳದ, ತೇವವಿಲ್ಲದ ಕಪಾಟಿನಲ್ಲಿ, ಪಟ್ಟಿಯಲ್ಲಿರುವ ಅದೇ ಸಂಖ್ಯೆಯನ್ನು ಅಂಟಿಸಿ, ನಿಲ್ಲಿಸಿ ಇಡಿ.